ಬಂಡೆ, ರೇಷ್ಮೆ ಮತ್ತು ಮಳೆಯ ಪುಸ್ತಕ

ಬ್ರಹ್ಮಗಿರಿಯ ತಪ್ಪಲಿನಲ್ಲಿ ಹುಟ್ಟಿದವನಿಗೆ ಕಡಲಿನ ಗೊಡವೆ ಏಕೆಂದು ಓದುಗರು ಕೇಳಬಹುದು. ಮೊಳಕಾಲ್ಮೂರು ಸೀಮೆಯಲ್ಲಿ ಕೆರೆ ತುಂಬಿದರೆ ಅದೇ ನಮಗೆ ಸಮುದ್ರ. ಆದರೆ ಅನ್ನದ ಋಣ ನನ್ನನ್ನು ಕಾರವಾರಕ್ಕೆ ಎಳೆದೊಯ್ದಿತು. ಅಲ್ಲಿನ ಕಾಲೇಜೊಂದರಲ್ಲಿ ನಾನು ಶಾಸನಗಳ ಪಾಠ ಹೇಳುತ್ತೇನೆ. ಪಕ್ಕದ ಕೊಠಡಿಯಲ್ಲಿ ಪ್ರಾಣಿಶಾಸ್ತ್ರದ ಮಿತ್ರರು ಏಡಿ, ಸೀಗಡಿಗಳೊಡನೆ ಸಂಸಾರ ಹೂಡಿದ್ದಾರೆ.

ಒಂದು ದಿನ ಅವರು ಗಾಜಿನ ಸೀಸೆಯೊಂದನ್ನು ನನ್ನ ಮುಂದೆ ಹಿಡಿದರು. ಕಾಳಿ ನದಿಯ ಅಳಿವೆಯಲ್ಲಿ ಬಲೆಯೆಳೆದು ತಂದದ್ದಂತೆ. ತಳದಲ್ಲಿ ರವೆಯಂತಹದೇನೋ ಕುಳಿತಿತ್ತು. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟೆ. ರವೆಯ ಕಾಳಿಗೆ ಕಾಲು ಮೂಡಿತ್ತು, ಮೀಸೆಯೂ ಬಂದಿತ್ತು!

“ಪ್ರಾಣಿಪ್ಲವಕ, ಮೇಷ್ಟ್ರೇ. ನೀರು ಒಯ್ದತ್ತ ಹೋಗುವ ಜೀವಿಗಳು. ಬಂಗಡೆ ಮೀನಿಗೆ ಇವೇ ಊಟ. ಕಡಲು ಬೆಚ್ಚಗಾದರೆ ಇವು ನೆಲೆ ಬದಲಿಸುತ್ತವೆ. ಆದರೆ ಒಂದು ವರ್ಷ ನೋಡಿದರೆ ಏನೂ ತಿಳಿಯದು.”

ಅನಂತರ ಅವರು ಹೇಳಿದ ಕಥೆ ನನ್ನ ಮನಸ್ಸಿನಲ್ಲಿ ನೆಟ್ಟು ನಿಂತಿತು. ಹಾರ್ಡಿ ಎಂಬ ಆಂಗ್ಲ ವಿಜ್ಞಾನಿ ರೂಪಿಸಿದ ಯಂತ್ರವೊಂದನ್ನು 1931ರಿಂದ ವ್ಯಾಪಾರದ ಹಡಗುಗಳು ಉತ್ತರ ಸಮುದ್ರದಲ್ಲಿ ಎಳೆದುಕೊಂಡು ಹೋಗತೊಡಗಿದವು. ಅದರೊಳಗೆ ರೇಷ್ಮೆಯ ಪಟ್ಟಿ ಮೆಲ್ಲನೆ ಸುತ್ತಿಕೊಳ್ಳುತ್ತ ನೀರನ್ನು ಸೋಸುತ್ತದೆ. ಜೀವಿಗಳು ಅದಕ್ಕೆ ಅಂಟಿ ಉಳಿಯುತ್ತವೆ. (ನಮ್ಮ ಮೊಳಕಾಲ್ಮೂರಿನಲ್ಲಿ ರೇಷ್ಮೆಯೆಂದರೆ ಮದುವೆಯ ಸೀರೆ. ಅದಕ್ಕೆ ಇಂತಹ ಉದ್ಯೋಗವೂ ಉಂಟೆಂದು ನಾನು ಅರಿತಿರಲಿಲ್ಲ.) 1960ರಿಂದ 1999ರವರೆಗಿನ ಲೆಕ್ಕವನ್ನು ಜೋಡಿಸಿ ನೋಡಿದಾಗ, ಈಶಾನ್ಯ ಅಟ್ಲಾಂಟಿಕಿನಲ್ಲಿ ಬೆಚ್ಚನೆಯ ನೀರಿನ ಪ್ಲವಕಗಳು ಅಕ್ಷಾಂಶದ ಸುಮಾರು 10 ಡಿಗ್ರಿಯಷ್ಟು ಉತ್ತರಕ್ಕೆ ಸರಿದಿದ್ದವು. ಇನ್ನೂ ವಿಚಿತ್ರವೆಂದರೆ, 1960ರ ದಶಕದಿಂದ ಕಾದಿರಿಸಿದ ಪಟ್ಟಿಗಳನ್ನು ಮತ್ತೆ ಪರೀಕ್ಷಿಸಿದವರು, ಕಡಲಿನಲ್ಲಿ ಪ್ಲಾಸ್ಟಿಕ್ಕಿನ ನವಿರು ಎಳೆಗಳು ಹೆಚ್ಚುತ್ತ ಬಂದುದನ್ನು 2004ರಲ್ಲಿ ತೋರಿಸಿಕೊಟ್ಟರು. ಪಟ್ಟಿಯನ್ನು ಎತ್ತಿಟ್ಟವರು ಆ ಪ್ರಶ್ನೆಯನ್ನು ಕನಸಿನಲ್ಲಿಯೂ ಎಣಿಸಿರಲಾರರು.

ನಮ್ಮ ದೇಶದಲ್ಲಿಯೂ ಈ ಬಗೆಯ ತಾಳ್ಮೆ ಇಲ್ಲದಿಲ್ಲ. 1960ರಿಂದ 65ರವರೆಗೆ ನಡೆದ ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಶೋಧಯಾತ್ರೆಯಲ್ಲಿ ಹಲವು ದೇಶಗಳ ಹಡಗುಗಳು ಒಂದೇ ಅಳತೆಯ ಬಲೆಯಿಂದ ಸಂಗ್ರಹಿಸಿದ ಪ್ಲವಕಗಳನ್ನು ಕೊಚ್ಚಿಯಲ್ಲಿ ಕುಳಿತು ಬೇರ್ಪಡಿಸಿದರು.

“ಬಲೆ ಬರಿದಾಗಿ ಬಂದರೆ?” ಎಂದೆ.

“ಬರಿದೆಂದೇ ಬರೆಯುತ್ತೇವೆ. ಸೊನ್ನೆಯೂ ಲೆಕ್ಕವೇ.”

ನಾನು ಸುಮ್ಮನಾದೆ. ನನ್ನ ತಂದೆಯವರು ಇಪ್ಪತ್ತೇಳು ವರ್ಷ, ರೋಹಿಣಿಯಿಂದ ಸ್ವಾತಿಯವರೆಗೆ, ಯಾವ ಮಳೆ ಎಷ್ಟು ಹದವಾಯಿತೆಂದು ಒಂದು ಉದ್ದನೆಯ ಪುಸ್ತಕದಲ್ಲಿ ಬರೆದಿಟ್ಟಿದ್ದರು. ಮೂರು ವರ್ಷದ ಹಿಂದೆ ಮನೆಗೆ ಸುಣ್ಣ ಬಳಿಸುವಾಗ ನಾನೇ ಅದನ್ನು ಹಳೆಯ ಪತ್ರಿಕೆಗಳೊಡನೆ ತೂಕಕ್ಕೆ ಹಾಕಿದೆ. ಊರ ಪಕ್ಕದ ಬಂಡೆ ಅಶೋಕನ ಮಾತನ್ನೂ ಅದನ್ನು ಬರೆದ ಚಪಡನ ಹೆಸರನ್ನೂ ಎರಡು ಸಾವಿರ ವರ್ಷಕ್ಕೂ ಮಿಕ್ಕಿ ಕಾದಿದೆ. ಅದನ್ನು ತರಗತಿಯಲ್ಲಿ ಹೆಮ್ಮೆಯಿಂದ ವರ್ಣಿಸುವ ಪಂಡಿತ ನಾನು!

ಕಳೆದ ದಸರೆಗೆ ಊರಿಗೆ ಹೋದಾಗ ಹೊಸ ಪುಸ್ತಕವೊಂದನ್ನು ಒಯ್ದೆ. ನಡೆದುದನ್ನು ಒಪ್ಪಿಕೊಂಡೆ. ಅಪ್ಪ ಬಹಳ ಹೊತ್ತು ಮಾತನಾಡಲಿಲ್ಲ. ಹೊಲದಲ್ಲಿ ಶೇಂಗಾ ಬಾಡಿ ನಿಂತಿತ್ತು. ಕಣ್ಣು ಮಂಜಾದುದರಿಂದ ಲೇಖನಿಯನ್ನು ನನ್ನ ಕೈಗೇ ಕೊಟ್ಟರು.

“ಉತ್ತರೆ ಮಳೆ ಹನಿಯಲಿಲ್ಲ. ಅದನ್ನೂ ಬರಕೋ” ಎಂದರು.