ಹವಾಸುವಿನ ಇಳಿಜಾರಿನಲ್ಲಿ

ಕ್ಯಾಲಿಫೋರ್ನಿಯಾದ ಗಡಿಯನ್ನು ದಾಟಿ ಅಮೆರಿಕದ ಆರಿಜೋನಾ ಸಂಸ್ಥಾನವನ್ನು ಪ್ರವೇಶಿಸುವ ಪ್ರವಾಸಿಗೆ ಮೊದಲು ಎದುರಾಗುವುದು ಬೆಂಗಾಡು. ಮರವಿಲ್ಲ, ನೆರಳಿಲ್ಲ, ಬೋಳುಬೆಟ್ಟಗಳ ನಡುವೆ ಕರಿಯ ನಾಗರದಂತೆ ಹರಿದ ಹೆದ್ದಾರಿಯೊಂದೇ ಮನುಷ್ಯವಾಸದ ಗುರುತು. 1994ರ ಜೂನ್ 29ರಂದು ಇಲ್ಲಿ ಉಷ್ಣಮಾನ 128 ಡಿಗ್ರಿ ಫ್ಯಾರನ್‌ಹೀಟನ್ನು ಮುಟ್ಟಿತ್ತು. ಕಾದ ಹಂಚಿನಂಥ ಈ ನೆಲದಲ್ಲಿ, ಬೇಸಗೆಯ ಶನಿವಾರದ ಮುಂಜಾನೆ ಕಾಣುವ ನೋಟ ಹೊಸಬರನ್ನು ಬೆರಗುಗೊಳಿಸುತ್ತದೆ. ಸಾಲುಸಾಲು ಕಾರುಗಳು, ಅವುಗಳ ಹಿಂದೆ ಎರಡು ಗಾಲಿಯ ಬಂಡಿಗಳು, ಬಂಡಿಗಳ ಮೇಲೆ ಬಣ್ಣಬಣ್ಣದ ಜಲವಾಹನಗಳು. ನೀರಿನ ಸುಳಿವೇ ಇಲ್ಲದ ಮರುಭೂಮಿಯಲ್ಲಿ ದೋಣಿಗಳ ಮೆರವಣಿಗೆ!

ಬೆಟ್ಟದ ಕೊನೆಯ ತಿರುವು ಕಳೆದೊಡನೆ ಒಗಟು ಬಿಡಿಸಿಕೊಳ್ಳುತ್ತದೆ. ಕೆಳಗೆ, ಕಂದುಬಂಡೆಗಳ ಮಡಿಲಲ್ಲಿ, ಹವಾಸು ಸರೋವರ ನೀಲಮಣಿಯಂತೆ ಹೊಳೆಯುತ್ತದೆ. ಇದು ಪ್ರಕೃತಿ ಕೊಟ್ಟ ಸರೋವರವಲ್ಲ. 1938ರಲ್ಲಿ ಪೂರ್ಣಗೊಂಡ ಪಾರ್ಕರ್ ಅಣೆಕಟ್ಟು ತಡೆದು ನಿಲ್ಲಿಸಿದ ಕೊಲರಾಡೋ ನದಿಯ ನೀರು. ಲಾಸ್ ಏಂಜಲಿಸ್ ಮತ್ತು ಫೀನಿಕ್ಸ್ ನಗರಗಳತ್ತ ನೀರು ಹೊರಡುವುದು ಇಲ್ಲಿಂದಲೇ. ಸರೋವರ ತುಂಬಿದಾಗ ದಡದ ಚೆಮೆಹ್ಯುವಿ ಜನರ ಹೊಲಗಳು ಮುಳುಗಿದವೆಂಬುದನ್ನು ವಿಹಾರಕ್ಕೆ ಬಂದವರಲ್ಲಿ ನೆನೆಯುವವರು ವಿರಳ.

ಸರೋವರದಂತೆ ದಡದ ಪಟ್ಟಣವೂ ಮನುಷ್ಯನ ಹಟದ ಕೂಸು. ಯಂತ್ರಗರಗಸಗಳ ತಯಾರಕನಾದ ರಾಬರ್ಟ್ ಮೆಕಲಕ್ ಎಂಬ ಉದ್ಯಮಿ ದೋಣಿಯ ಎಂಜಿನುಗಳನ್ನು ಪರೀಕ್ಷಿಸಲು ಸ್ಥಳ ಹುಡುಕುತ್ತ ಬಂದು ಇಲ್ಲಿ ನಿಂತನು. ಪರೀಕ್ಷೆಯ ತಾಣ ಪಟ್ಟಣವಾಯಿತು. ಪಟ್ಟಣಕ್ಕೆ ಜನರನ್ನು ಸೆಳೆಯಲು ಅವನು 1968ರಲ್ಲಿ 24,60,000 ಡಾಲರು ತೆತ್ತು ಲಂಡನ್ನಿನ ಥೇಮ್ಸ್ ನದಿಯ ಹಳೆಯ ಸೇತುವೆಯನ್ನೇ ಕೊಂಡನು! ಕಲ್ಲುಗಳಿಗೆ ಅಂಕೆ ಹಾಕಿ ಬಿಚ್ಚಿ, ಹಡಗಿನಲ್ಲಿ ಕ್ಯಾಲಿಫೋರ್ನಿಯಾಕ್ಕೆ ತಂದು, ಅಲ್ಲಿಂದ ಲಾರಿಗಳಲ್ಲಿ ಹೇರಿ ತರಿಸಿದನು. ಸೇತುವೆಯನ್ನು ಒಣನೆಲದ ಮೇಲೆ ಜೋಡಿಸಿ, ಬಳಿಕ ಅದರ ಕೆಳಗೆ ಕಾಲುವೆ ತೋಡಿದರು. 1971ರ ಅಕ್ಟೋಬರ್ 10ರಂದು ಅದರ ಉದ್ಘಾಟನೆ ನಡೆಯಿತು. ಎಲ್ಲವನ್ನೂ ದೂರದಿಂದ ಹೊತ್ತು ತಂದ ಊರಿಗೆ ಜನರೂ ತಮ್ಮ ದೋಣಿಗಳನ್ನು ಎಳೆದು ತಂದರೆ ಆಶ್ಚರ್ಯವೇನು?

ಅವರು ಎಳೆದು ತರುವ ವಾಹನಕ್ಕೆ ಲೋಕದಲ್ಲಿ ರೂಢಿಯಾದ ಹೆಸರು ಜೆಟ್ ಸ್ಕೀ. ಮೋಟಾರ್‌ಸೈಕಲ್ ಪಂದ್ಯಗಳಲ್ಲಿ ನೆಲಕ್ಕೆ ಬಿದ್ದು ಬೇಸತ್ತ ಕ್ಲೇಟನ್ ಜೇಕಬ್ಸನ್ ಎಂಬಾತನಿಗೆ, ಬಿದ್ದರೂ ಮೈ ತರಚದ ವಾಹನ ಬೇಕೆನಿಸಿದ್ದೇ ಇದರ ಮೂಲವೆಂದು ಹೇಳುತ್ತಾರೆ. ಜಪಾನಿನ ಕವಾಸಾಕಿ ಸಂಸ್ಥೆ 1973ರಲ್ಲಿ ಆ ಹೆಸರಿನಿಂದ ಅದನ್ನು ಮಾರುಕಟ್ಟೆಗೆ ತಂದಿತು. ಇದರ ಹೊರಗೆ ತಿರುಗುವ ರೆಕ್ಕೆಗಳಿಲ್ಲ. ಒಡಲಿನೊಳಗಿನ ಯಂತ್ರ ಕೆಳಗಿನ ನೀರನ್ನು ಹೀರಿ ಹಿಂದಕ್ಕೆ ರಭಸದಿಂದ ಚಿಮ್ಮುತ್ತದೆ. ವಾಹನ ಮುಂದಕ್ಕೆ ಜಿಗಿಯುತ್ತದೆ.

ಇದನ್ನು ತರಲು ದೊಡ್ಡ ಲಾರಿಯೇ ಬೇಕೆಂದು ಕೆಲವರು ಭಾವಿಸುತ್ತಾರೆ. ಹಾಗೇನಿಲ್ಲ. ಇಬ್ಬರು ಕೂರುವ ಹಗುರವಾದ ಜಲವಾಹನ ಸುಮಾರು 200 ಕಿಲೋ ತೂಗುತ್ತದೆ. ಬಂಡಿ, ಪೆಟ್ರೋಲು ಸೇರಿದರೂ 400 ಕಿಲೋ ಮೀರದು. 1000 ಪೌಂಡು, ಅಂದರೆ 450 ಕಿಲೋ ಎಳೆಯಲು ತಯಾರಕರ ಅನುಮತಿಯುಳ್ಳ ಸಾಧಾರಣ ಸಂಸಾರದ ಕಾರುಗಳು ಉಂಟು. ಏನನ್ನೂ ಎಳೆಯಬಾರದೆಂದು ಕೈಪಿಡಿಯಲ್ಲಿ ನಿಷೇಧಿಸಿದ ಕಾರುಗಳೂ ಉಂಟು. ಆದ್ದರಿಂದ ಕೈಪಿಡಿಯೇ ಇಲ್ಲಿ ಮೊದಲ ಗುರು. ಎತ್ತಿನ ಗಾಡಿ ಹೂಡಿದ ರೈತನಿಗೆ ತಿಳಿದ ಸೂತ್ರವೇ ಇಲ್ಲಿಯೂ ನಡೆಯುವುದು: ಹಿಂಭಾರವಾದರೆ ಬಂಡಿ ಕೆಟ್ಟಿತು. ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15 ಪಾಲು ಮೂಕಿಯ ಮೇಲೆ, ಎಂದರೆ ಕಾರಿನ ಕೊಂಡಿಯ ಮೇಲೆ ಬೀಳಬೇಕು. ಇಲ್ಲವಾದರೆ ವೇಗ ಏರಿದಂತೆ ಬಂಡಿ ಬಾಲದಂತೆ ಅತ್ತಿತ್ತ ಬೀಸತೊಡಗಿ ಕಾರನ್ನೇ ದಾರಿತಪ್ಪಿಸುತ್ತದೆ. ಬಂಡಿ ಎಳೆಯುವ ಕಾರು ಗಂಟೆಗೆ 55 ಮೈಲಿ ಮೀರಬಾರದೆಂದು ಕ್ಯಾಲಿಫೋರ್ನಿಯಾದ ಕಾನೂನು ವಿಧಿಸಿರುವುದು ಸುಮ್ಮನೆ ಅಲ್ಲ.

ಆದರೆ ನೂರಾರು ಮೈಲಿ ಎಳೆದು ತಂದ ಕಾರಿಗೆ ನಿಜವಾದ ಪರೀಕ್ಷೆ ಕಾದಿರುವುದು ಕೊನೆಯ ಮೂವತ್ತು ಅಡಿಗಳಲ್ಲಿ. ದಡದಿಂದ ನೀರೊಳಗೆ ಇಳಿಯುವ ಕಾಂಕ್ರೀಟಿನ ಇಳಿಜಾರಿನಲ್ಲಿ ಬಂಡಿಯನ್ನು ಹಿಮ್ಮುಖವಾಗಿ ಇಳಿಸಬೇಕು. ಕಾರಿನ ಹಿಂಬದಿ ಎಡಕ್ಕೆ ಹೋದರೆ ಬಂಡಿ ಬಲಕ್ಕೆ ಹೊರಳುತ್ತದೆ. ಹೊಸಬನ ಪಾಡು ನೋಡತಕ್ಕದ್ದು! ಹಿಂದೆ ಕಾರುಗಳ ಸಾಲು, ಮುಂದೆ ಸರೋವರ, ಪಕ್ಕದಲ್ಲಿ ಮಡದಿ.

“ಎಡಕ್ಕೆ ಅಂದೆನಲ್ಲ!”

“ಎಡಕ್ಕೇ ತಿರುಗಿಸಿದ್ದೇನೆ, ಮಾರಾಯ್ತಿ!”

“ನಿಮ್ಮ ಎಡವಲ್ಲ, ಬಂಡಿಯ ಎಡ!”

ಅನುಭವಿಗಳು ಇದಕ್ಕೊಂದು ಸುಲಭ ಉಪಾಯ ಹೇಳುತ್ತಾರೆ. ಸ್ಟೀರಿಂಗ್ ಚಕ್ರದ ಕೆಳಭಾಗವನ್ನು ಹಿಡಿದುಕೊಂಡರೆ, ಕೈ ಹೋದ ಕಡೆಗೇ ಬಂಡಿ ಹೋಗುತ್ತದೆ. ಅವರು ಇಳಿಜಾರಿಗೆ ಬರುವ ಮೊದಲೇ ದೂರದಲ್ಲಿ ನಿಂತು, ಹಿಂದಿನ ಕಟ್ಟು ಬಿಚ್ಚಿ, ದೀಪದ ತಂತಿ ಕಳಚಿ, ವಾಹನದ ತಳದ ಬಿರಡೆ ಬಿಗಿಮಾಡಿಕೊಂಡಿರುತ್ತಾರೆ. ಮರೆತ ಬಿರಡೆ ಮುಳುಗುವ ದೋಣಿ. ಗಾಲಿಯ ಬೇರಿಂಗುಗಳು ದಾರಿಯಲ್ಲಿ ಕಾದಿರುತ್ತವೆ. ಕಾದ ಲೋಹ ತಣ್ಣೀರಿಗಿಳಿದರೆ ಒಳಗಿನ ಗಾಳಿ ಕುಗ್ಗಿ ನೀರನ್ನು ಎಳೆದುಕೊಳ್ಳುತ್ತದೆ. ಆದ್ದರಿಂದ ಆರುವ ತನಕ ಕಾಯುವುದೂ ಕೆಲಸವೇ.

ಜಲವಾಹನ ಆಳವಿಲ್ಲದ ನೀರಿನಲ್ಲಿಯೇ ತೇಲುವುದರಿಂದ ಸಾಧಾರಣ ಕಾರಿಗೆ ಇದು ಸಾಧ್ಯವಾಗಿದೆ. ಕಾರಿನ ಗಾಲಿಗಳು ಒಣ ನೆಲದಲ್ಲಿಯೇ ನಿಲ್ಲಬಹುದು. ನಿಲ್ಲಲೂ ಬೇಕು. ಏಕೆಂದರೆ ನೀರಿನಂಚಿನಲ್ಲಿ ಪಾಚಿಯುಂಟು. ಮುಂಗಾಲಿಗಳಿಂದ ಎಳೆಯುವ ಕಾರು ಏರು ಹತ್ತುವಾಗ ಭಾರವೆಲ್ಲ ಹಿಂದಕ್ಕೆ ಬಿದ್ದು, ಮುಂಗಾಲಿಗಳು ಹಿಡಿತ ತಪ್ಪಿ ಬರಿದೇ ತಿರುಗುತ್ತವೆ. ಕೈಬ್ರೇಕು ಎಳೆಯದೆ ಇಳಿದವನ ಕಾರು ದೋಣಿಯನ್ನು ಹಿಂಬಾಲಿಸಿದರೆ ತಡೆಯುವವರಾರು? ಅದಕ್ಕೆಂದೇ ಜಾಣರು ಗಾಲಿಯ ಹಿಂದೆ ಮರದ ತುಂಡನ್ನೂ ಇಡುತ್ತಾರೆ. ಮಕ್ಕಳನ್ನು ಕಾರಿನಿಂದಿಳಿಸಿ ಬದಿಗೆ ನಿಲ್ಲಿಸುತ್ತಾರೆ.

ಸಂಜೆ ಮರಳುವಾಗ ಇನ್ನೊಂದು ಕರ್ತವ್ಯ ಉಳಿದಿರುತ್ತದೆ. 2007ರ ಜನವರಿಯಲ್ಲಿ ಈ ಸರೋವರದಲ್ಲಿ ಕ್ವಾಗಾ ಎಂಬ ಪರದೇಶದ ಚಿಪ್ಪುಜೀವಿ ಕಂಡುಬಂದಿತು. ಬೆರಳುಗುರುಗಿಂತ ಹೆಚ್ಚು ದೊಡ್ಡದಲ್ಲದ ಈ ಜೀವಿ ನೀರುಕೊಳವೆಗಳೊಳಗೆ ಪದರಪದರವಾಗಿ ಅಂಟಿಕೊಂಡು ದಾರಿಕಟ್ಟುತ್ತದೆ. ಅದರ ಮರಿಗಳು ಕಣ್ಣಿಗೆ ಕಾಣವು. ದೋಣಿಯ ತಳದಲ್ಲುಳಿದ ಬೊಗಸೆ ನೀರಿನಲ್ಲಿ ಕುಳಿತು ಮತ್ತೊಂದು ಕೆರೆಗೆ ಪ್ರಯಾಣ ಮಾಡಬಲ್ಲವು. ಆದ್ದರಿಂದ ದಡ ಬಿಡುವ ಮುನ್ನ ಬಿರಡೆ ತೆಗೆದು, ನೀರನ್ನೆಲ್ಲ ಸುರಿದು, ಒಡಲನ್ನು ಒರಸಿ ಒಣಗಿಸಬೇಕೆಂಬುದು ನಿಯಮ.

ಬೆಳಗ್ಗೆ ಜಗಳವಾಡಿದ ಪತಿಪತ್ನಿಯರು ಈಗ ಮಾತಿಲ್ಲದೆ ಆ ಕೆಲಸದಲ್ಲಿ ತೊಡಗುತ್ತಾರೆ. ಕೊನೆಯ ಹನಿ ತೊಟ್ಟಿಕ್ಕುವ ತನಕ ಮಗಳು ಬಾಗಿ ನೋಡುತ್ತಾಳೆ. ನೀರು, ಸೇತುವೆ, ದೋಣಿ ಎಲ್ಲವನ್ನೂ ಮನುಷ್ಯನು ಈ ಬೆಂಗಾಡಿಗೆ ಎಳೆದು ತಂದನು. ಇಲ್ಲಿಂದ ಹನಿ ನೀರನ್ನೂ ಹೊತ್ತೊಯ್ಯದೆ ಹೋಗುವುದು ಈಗ ಅವನು ಕಲಿಯಬೇಕಾದ ಪಾಠ. ಪುಟ್ಟ ಕಾರು ಹಗುರವಾದ ಬಂಡಿಯನ್ನೆಳೆಯುತ್ತ, ಹೊತ್ತು ಮುಳುಗುವ ಬೆಟ್ಟಗಳ ಕಡೆಗೆ ನಿಧಾನವಾಗಿ ಏರತೊಡಗುತ್ತದೆ.