ನಾಲ್ಕು ಆಯ್ಕೆಗಳ ಆಚೆಗೆ

"ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡಿದ್ದೀಯಾ? ಇನ್ನು ಮುಂದೆ ಎಲ್ಲವನ್ನೂ ಎಐ ಮಾಡುತ್ತದಂತೆ. ನಿನಗೇನು ಕೆಲಸ ಉಳಿಯುತ್ತದೆ?" ದ್ವಿತೀಯ ಪಿಯುಸಿಗೆ ಬಂದ ಮೇಲೆ ನೆಂಟರು ಸಿಕ್ಕಾಗಲೆಲ್ಲ ಈ ಪ್ರಶ್ನೆ ಕೇಳುತ್ತಾರೆ. ನನಗೂ ಒಳಗೊಳಗೇ ಅಳುಕಿತ್ತು. ಅದಕ್ಕೆ ತಕ್ಕ ಉತ್ತರ ಸಿಕ್ಕಿದ್ದು 'ಗ್ಯಾಲಕ್ಸಿ ಝೂ' ಯೋಜನೆಯ ಬಗ್ಗೆ ಓದಿದಾಗ.

'ಸ್ಲೋನ್ ಡಿಜಿಟಲ್ ಸ್ಕೈ ಸರ್ವೆ' ಎಂಬ ಆಕಾಶ ಸಮೀಕ್ಷೆಯ ಚಿತ್ರಗಳಲ್ಲಿ ಲಕ್ಷಾಂತರ ಗ್ಯಾಲಕ್ಸಿಗಳಿದ್ದವು. ಯಾವುದು ಸುರುಳಿ, ಯಾವುದು ಅಂಡಾಕಾರ ಎಂದು ವಿಂಗಡಿಸಬೇಕಿತ್ತು. ಆಕ್ಸ್‌ಫರ್ಡ್‌ನ ಸಂಶೋಧಕ ಕೆವಿನ್ ಶವಿನ್ಸ್ಕಿ ಒಬ್ಬರೇ ಕುಳಿತು 50,000 ಚಿತ್ರಗಳನ್ನು ನೋಡಿ ಸುಸ್ತಾದರು. ಆಗಿನ ಕಂಪ್ಯೂಟರ್ ಪ್ರೋಗ್ರಾಂಗಳು ಈ ಕೆಲಸದಲ್ಲಿ ಮನುಷ್ಯರ ಕಣ್ಣಿಗೆ ಸಮನಾಗಿರಲಿಲ್ಲ. ಹಾಗಾಗಿ 2007ರ ಜುಲೈಯಲ್ಲಿ ಅವರು, ಕ್ರಿಸ್ ಲಿಂಟಾಟ್ ಮತ್ತು ಸಂಗಡಿಗರು ಚಿತ್ರಗಳನ್ನು ಅಂತರ್ಜಾಲದಲ್ಲಿಟ್ಟು ಜನಸಾಮಾನ್ಯರ ಸಹಾಯ ಕೇಳಿದರು. ಮೊದಲ ವರ್ಷದಲ್ಲೇ 5 ಕೋಟಿಗೂ ಹೆಚ್ಚು ಉತ್ತರಗಳು ಬಂದವು.

ರಜೆಯಲ್ಲಿ ನಾನೂ ತಂಗಿಯೂ ಮೊಬೈಲಿನಲ್ಲಿ ಪ್ರಯತ್ನಿಸಿದೆವು. ಒಂದು ಚಿತ್ರದಲ್ಲಿ ನನಗೆ ಸುರುಳಿಯ ತೋಳುಗಳು ಕಂಡವು. ಅವಳಿಗೆ ಕಂಡದ್ದು ಬರೀ ನುಣುಪಾದ ಬೆಳಕಿನ ಉಂಡೆ. ನಮ್ಮಲ್ಲಿ ಯಾರು ಸರಿ? ಗ್ಯಾಲಕ್ಸಿ ಝೂ ಇಬ್ಬರ ಉತ್ತರವನ್ನೂ ಇಟ್ಟುಕೊಳ್ಳುತ್ತದೆ. ಒಂದೇ ಚಿತ್ರವನ್ನು ಅನೇಕರಿಗೆ ತೋರಿಸಿ, ಎಷ್ಟು ಮಂದಿ ಏನೆಂದರು ಎಂದು ದಾಖಲಿಸುತ್ತದೆ. ಮತಗಳು ಹಂಚಿಹೋದರೆ, ಆ ಚಿತ್ರವನ್ನು ಎಚ್ಚರದಿಂದ ನೋಡಬೇಕೆಂದು ಅರ್ಥ. ಇಂಥ ಉತ್ತರಗಳಿಂದಲೇ ಮುಂದೆ ಕಂಪ್ಯೂಟರಿಗೆ ಪಾಠ ಹೇಳಲಾಯಿತು. 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹೀಗೆ ಕಲಿತ ಪ್ರೋಗ್ರಾಂನ ಉತ್ತರ ಶೇ. 90ಕ್ಕೂ ಹೆಚ್ಚು ಸಲ ಜನರ ಉತ್ತರಕ್ಕೆ ಹೊಂದಿತ್ತು.

ಹಾಗಾದರೆ ಮನುಷ್ಯರ ಕೆಲಸ ಮುಗಿಯಿತೇ? ನೆದರ್‌ಲ್ಯಾಂಡ್ಸ್‌ನ ಶಾಲಾ ಶಿಕ್ಷಕಿ ಹ್ಯಾನಿ ವಾನ್ ಆರ್ಕೆಲ್ ಅವರ ಕಥೆ ಕೇಳಿ. 2007ರಲ್ಲಿ ಒಂದು ಗ್ಯಾಲಕ್ಸಿಯ ಪಕ್ಕದಲ್ಲಿ ಅವರಿಗೆ ವಿಚಿತ್ರ ನೀಲಿ ಕಲೆ ಕಾಣಿಸಿತು. ಕೇಳಿದ್ದ ಪ್ರಶ್ನೆ ಗ್ಯಾಲಕ್ಸಿಯ ಆಕಾರದ್ದು ಮಾತ್ರ. ಅವರು ಅದಕ್ಕೆ ಉತ್ತರಿಸಿ ಮುಂದೆ ಹೋಗಬಹುದಿತ್ತು. ಆದರೆ "ಇದೇನು?" ಎಂದು ವಿಜ್ಞಾನಿಗಳನ್ನು ಕೇಳಿದರು. ಅದು ಪಕ್ಕದ ಗ್ಯಾಲಕ್ಸಿಯ ಕೇಂದ್ರದಿಂದ ಹೊಮ್ಮಿದ ವಿಕಿರಣದಿಂದ ಬೆಳಗುತ್ತಿರುವ ಬೃಹತ್ ಅನಿಲ ಮೋಡವೆಂದು ತಿಳಿದುಬಂತು. ಇಂದು ಅದರ ಹೆಸರು 'ಹ್ಯಾನೀಸ್ ವೋರ್‌ವೆರ್ಪ್', ಅಂದರೆ 'ಹ್ಯಾನಿಯ ವಸ್ತು'.

ಸಿಇಟಿ ತಯಾರಿಯಲ್ಲಿ ನಾವು ನಾಲ್ಕು ಆಯ್ಕೆಗಳಲ್ಲಿ ಒಂದನ್ನು ಗುರುತಿಸುವುದನ್ನೇ ಅಭ್ಯಾಸ ಮಾಡುತ್ತೇವೆ. ಪರೀಕ್ಷೆಗೆ ಅದು ಬೇಕು. ಆದರೆ ಆಯ್ಕೆಗಳಿಂದ ಆರಿಸುವುದನ್ನು ಯಂತ್ರವೂ ಕಲಿಯುತ್ತದೆ. ಆಯ್ಕೆಗಳಲ್ಲೇ ಇಲ್ಲದ್ದನ್ನು ಕಂಡು ಪ್ರಶ್ನಿಸುವ ಅಭ್ಯಾಸ ನಮ್ಮಲ್ಲಿ ಉಳಿದರೆ, ಯಂತ್ರದ ಜೊತೆಗೆ ನಮಗೂ ಕೆಲಸವಿರುತ್ತದೆ. ನೆಂಟರಿಗೆ ಈಗ ನಾನು ಕೊಡುವ ಉತ್ತರ ಇದು. ಗೆಳೆಯರೇ, ಗ್ಯಾಲಕ್ಸಿ ಝೂ ಇಂದಿಗೂ ಎಲ್ಲರಿಗೂ ತೆರೆದಿದೆ. ಒಂದು ಭಾನುವಾರ ಅರ್ಧ ಗಂಟೆ ನೋಡಿ.