ಕೊನೇ ಬೆಂಚಿನ ಮಣಿ

ಮಣಿಯದು ಕ್ಲಾಸಿನ ಹುಡುಗರೆಲ್ಲರಿಗಿಂತ ಎತ್ತರದ ಆಳ್ತನ. ಪುಸ್ತಕದ ಗೊಡವೆ ಅವನಿಗಿಲ್ಲ. ಕೊನೇ ಬೆಂಚು ಅವನದೇ, ನಿದ್ದೆಯೂ ಅಲ್ಲೇ. ಆರ್.ಕೆ. ನಾರಾಯಣರು 1935ರಲ್ಲಿ ಪ್ರಕಟವಾದ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಕಾದಂಬರಿಯಲ್ಲಿ ಅವನನ್ನು ಸೃಷ್ಟಿಸಿದರು. ಐವತ್ತು ವರ್ಷದ ಮೇಲೆ ನಿರ್ದೇಶಕ ಶಂಕರ್ ನಾಗ್ ಅವನನ್ನು ಆಗುಂಬೆಗೆ ಕರೆತಂದು ‘ಮಾಲ್ಗುಡಿ ಡೇಸ್’ ಟಿವಿ ಧಾರಾವಾಹಿಯಲ್ಲಿ ನಿಲ್ಲಿಸಿದರು. ಸ್ವಾಮಿ ಮತ್ತು ಅವನ ಗೆಳೆಯರ ಕಥೆಗೆ ಅಲ್ಲಿ ಸಿಕ್ಕಿದ್ದು ಎಂಟೇ ಕಂತು. ಅಷ್ಟರಲ್ಲಿ ಒಂದು ಇಡೀ ಬಾಲ್ಯ ಮುಗಿದುಹೋಗುತ್ತದೆ.

2020ರ ಬೇಸಿಗೆಯಲ್ಲಿ ಸಾಲಿಗಳೆಲ್ಲ ಬಾಗಿಲು ಹಾಕಿದ್ದಾಗ ಜೀ ಕನ್ನಡ ವಾಹಿನಿ ಆ ಧಾರಾವಾಹಿಯನ್ನು ಕನ್ನಡಕ್ಕೆ ಡಬ್ ಮಾಡಿ ತೋರಿಸಿತು. ವಿಜಯಪುರದ ಮನೆಯಲ್ಲಿ ಕೂತು ಮತ್ತೆ ನೋಡಿದೆ. ಸಣ್ಣವನಿದ್ದಾಗ ಮಾಸ್ಟರ್ ಮಂಜುನಾಥನ ಸ್ವಾಮಿಯನ್ನು ಬಿಟ್ಟು ಬೇರೆ ಯಾರೂ ನನಗೆ ಕಂಡಿರಲಿಲ್ಲ. ಅಪ್ಪನಾದ ಗಿರೀಶ್ ಕಾರ್ನಾಡರ ಮುಂದೆ ಅವನು ಉಗುಳು ನುಂಗಿಕೊಂಡು ನಿಲ್ಲುವುದನ್ನು ನೋಡಿದರೆ ನನ್ನ ಗಂಟಲೂ ಒಣಗುತ್ತಿತ್ತು. ಈ ಸಲ ನನ್ನ ಕಣ್ಣು ಮಣಿಯನ್ನು ಬಿಟ್ಟು ಕದಲಲಿಲ್ಲ. ಇಂಥವನನ್ನು ಕಂಡರೆ ನಮ್ಮ ಸಿನಿಮಾಗಳು ಎರಡರಲ್ಲೊಂದು ಮಾಡುತ್ತವೆ: ಅವನನ್ನು ನಗೆಗೆ ಗುರಿಮಾಡುತ್ತವೆ, ಇಲ್ಲವೆ ಒಬ್ಬ ಒಳ್ಳೆಯ ಮಾಸ್ತರರನ್ನು ಕಳಿಸಿ ಅವನನ್ನು ಜಾಣನನ್ನಾಗಿ ಮಾಡುತ್ತವೆ. ನಾರಾಯಣರೂ ಶಂಕರ್ ನಾಗರೂ ಅವೆರಡನ್ನೂ ಮಾಡಲಿಲ್ಲ. ಮಣಿ ಕಡೆಯವರೆಗೂ ಮಣಿಯಾಗಿಯೇ ಉಳಿದ. ಅವನ ಸಿಟ್ಟಿಗೆ, ಅವನ ನಂಬಿಗೆಗೆ ಕ್ಲಾಸಿನ ಜಾಣ ಶಂಕರನ ಅಂಕಗಳಷ್ಟೇ ತೂಕ ಸಿಕ್ಕಿತು. ಪೊಲೀಸ್ ಅಧಿಕಾರಿಯ ಮಗ ರಾಜಂ ಬಂದ ಮೇಲೆ ಹಳೆಯ ಗೆಳೆಯರು ಸ್ವಾಮಿಯನ್ನು ‘ಬಾಲ’ ಎಂದು ಕರೆದು ಮಾತು ಬಿಡುತ್ತಾರಲ್ಲ, ಆ ಭಾಗ ಸಾಲಿಯಲ್ಲಿ ಒಂಟಿಯಾಗಿ ಕೂತ ಯಾರಿಗೂ ಮರೆಯುವಂಥದ್ದಲ್ಲ.

ಮೊದಲ ಸಲ ದೂರದರ್ಶನದಲ್ಲಿ ಬಂದಾಗ ಧಾರಾವಾಹಿ ಹಿಂದಿಯಲ್ಲಿತ್ತು. ವಿಜಯಪುರಕ್ಕೆ ಅದೇನೂ ತೊಡಕಾಗಲಿಲ್ಲ. ಈ ಊರನ್ನಾಳಿದ ಎರಡನೆಯ ಇಬ್ರಾಹಿಂ ಆದಿಲ್‌ಶಾಹ ‘ಕಿತಾಬ್-ಎ-ನವರಸ್’ ಬರೆದ, ಹಿಂದಿಗೆ ಹತ್ತಿರದ ದಖನಿ ಇಲ್ಲಿನ ಓಣಿಗಳಲ್ಲಿ ಇನ್ನೂ ಆಡುಮಾತು. ಕನ್ನಡದ ನಟರು ಆಡಿದ ಆ ಹಿಂದಿ ನಮಗೆ ಪಕ್ಕದ ಮನೆಯ ಮಾತಿನಂತೆಯೇ ಕೇಳಿಸಿತು.

ಟಿವಿಯ ಮಾತು ಬಂದಾಗ ನಮ್ಮ ಜಿಲ್ಲೆಯವರು ಹೆಮ್ಮೆಯಿಂದ ಹೇಳಬಹುದಾದ ಒಂದು ಸಂಗತಿಯಿದೆ. ಬೆಂಗಳೂರು ದೂರದರ್ಶನ ಶುರುವಾದದ್ದು 1981ರಲ್ಲಿ. ಅದಕ್ಕೂ ಆರು ವರ್ಷ ಮೊದಲೇ, 1975ರ ಆಗಸ್ಟ್ 1ರಿಂದ, ಆಗಿನ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಆಯ್ದ ಹಳ್ಳಿಗಳಲ್ಲಿ ಟಿವಿ ಮಾತಾಡಿತ್ತು. ಅಮೆರಿಕದ ಎಟಿಎಸ್-6 ಉಪಗ್ರಹದಿಂದ ನೇರವಾಗಿ ಹಳ್ಳಿಗೇ ಚಿತ್ರ ಇಳಿಸುವ ‘ಸೈಟ್’ ಪ್ರಯೋಗ ಅದು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಅದರಲ್ಲಿದ್ದವು. ಚಿತ್ರ ಹಿಡಿಯಲು ಕೋಳಿಗೂಡಿಗೆ ಹಾಕುವ ತಂತಿ ಜಾಳಿಗೆಯಿಂದ ಮಾಡಿದ ಹತ್ತು ಅಡಿಯ ಛತ್ರಿ. ಮುಂಜಾನೆಯ ಕಾರ್ಯಕ್ರಮ ಸಾಲಿಯ ಮಕ್ಕಳಿಗೆಂದೇ ಮೀಸಲು. ಒಂದು ವರ್ಷಕ್ಕೆ ಪ್ರಯೋಗ ಮುಗಿಯಿತು, ಉಪಗ್ರಹ ಬೇರೆ ಕಡೆ ಸರಿಯಿತು. ಇಲ್ಲಿನ ಮಕ್ಕಳು ದೇಶದ ಹಳ್ಳಿಗಾಡಿನಲ್ಲಿ ಮೊದಮೊದಲು ಟಿವಿ ಕಂಡವರ ಪೈಕಿ. ಆದರೆ ಅದೇ ಮಕ್ಕಳ ಸಾಲಿ ಟಿವಿಯೊಳಗೆ ಇನ್ನೂ ಬಂದಿಲ್ಲ.

ನನ್ನ ಕೊರಗು ಇರುವುದೇ ಇಲ್ಲಿ. ನಮ್ಮ ಜಿಲ್ಲೆಯ ತಿಕೋಟಾ, ಬಬಲೇಶ್ವರದ ಹೈಸ್ಕೂಲುಗಳಲ್ಲಿ ಮಣಿಯಂಥವರು ಬೇಕಾದಷ್ಟಿದ್ದಾರೆ. ಅವರು ಕೊನೇ ಬೆಂಚಿಗೆ ಬಂದ ದಾರಿ ಮಾತ್ರ ಬೇರೆ. ದಸರೆ ದೀಪಾವಳಿ ಮುಗಿಯುತ್ತಲೂ ತಾಂಡಾಗಳಿಂದ, ಕೇರಿಗಳಿಂದ ಅಪ್ಪ ಅವ್ವ ಕಬ್ಬು ಕಡಿಯಲು ಮಹಾರಾಷ್ಟ್ರದ ಕಡೆ ಗುಳೆ ಹೊರಡುತ್ತಾರೆ. ಮನೆಯಲ್ಲಿ ಅಜ್ಜಿ ಇದ್ದರೆ ಹುಡುಗ ಊರಲ್ಲಿ ಉಳಿದಾನು, ಇಲ್ಲದಿದ್ದರೆ ಅವನೂ ಗಾಡಿ ಹತ್ತಬೇಕು. ಯುಗಾದಿ ಹೊತ್ತಿಗೆ ತಿರುಗಿ ಬಂದರೆ ಕ್ಲಾಸು ಬೀಜಗಣಿತವನ್ನೆಲ್ಲ ಮುಗಿಸಿ ಪರೀಕ್ಷೆಯ ಹೊಸ್ತಿಲಲ್ಲಿ ನಿಂತಿರುತ್ತದೆ. ಎರಡು ವರ್ಷ ಹೀಗಾದರೆ ಸಾಕು, ಅವನು ಉಳಿದವರಿಗಿಂತ ಎತ್ತರ ಕಾಣುತ್ತಾನೆ. ಮೀಸೆ ಚಿಗುರಿದವನು ಸಣ್ಣ ಹುಡುಗರ ನಡುವೆ ಕೂಡುವ ಸಂಕಟ ಎಂಥದೆಂದು ಕೂತವನಿಗೇ ಗೊತ್ತು.

ತೋಟವಿದ್ದವರ ಮಕ್ಕಳದು ಇನ್ನೊಂದು ತೆರನ ಎಳೆದಾಟ. ಒಂದು ಕಾಲಕ್ಕೆ ಬರದ ಹೆಸರೇ ಆಗಿದ್ದ ಈ ಸೀಮೆಯಲ್ಲಿ ಈಗ ದ್ರಾಕ್ಷಿ ಬೆಳೆಯುತ್ತದೆ. ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರೂ ಬಂತು. ಅಕ್ಟೋಬರಿನ ಚಾಟ್ನಿಗೆ, ಅಂದರೆ ಬಳ್ಳಿ ಸವರಲು, ಕೈ ಬೇಕು. ಫೆಬ್ರವರಿ ಮಾರ್ಚಿನಲ್ಲಿ ಗೊನೆ ಕೊಯ್ದು ಶೆಡ್ಡಿನಲ್ಲಿ ಒಣದ್ರಾಕ್ಷಿಗೆ ಹರವಲು ಮತ್ತೆ ಕೈ ಬೇಕು. ಹತ್ತನೇ ಇಯತ್ತೆಯ ಪರೀಕ್ಷೆ ಬರುವುದೂ ಆಗಲೇ. ಹೆಣ್ಣುಮಕ್ಕಳಿಗಂತೂ ಹೈಸ್ಕೂಲು ಪಕ್ಕದೂರಲ್ಲಿದ್ದರೆ ಬಸ್ಸಿನ ವೇಳೆಯೇ ವಿದ್ಯೆಯ ವೇಳೆ. ಬಸ್ಸು ತಪ್ಪಿದ ದಿನ ಸಾಲಿಯೂ ತಪ್ಪುತ್ತದೆ. ನಾಕು ದಿನ ತಪ್ಪಿದರೆ ಮನೆಯಲ್ಲಿ, “ಸಾಕ್ ಬಿಡವಾ, ಕಲತದ್ದು ಸಾಕು” ಎಂಬ ಮಾತು ಬರುತ್ತದೆ.

ಸಾಲಿಗೆ ಹೊಂದದ ಮಕ್ಕಳ ಕಥೆಗೆ ಎಲ್ಲ ಕಡೆಯೂ ಆಯುಷ್ಯ ಕಡಿಮೆ ಎಂದು ಕಾಣುತ್ತದೆ. ಅಮೆರಿಕದಲ್ಲಿ 1999ರಲ್ಲಿ ‘ಫ್ರೀಕ್ಸ್ ಅಂಡ್ ಗೀಕ್ಸ್’ ಎಂಬ ಧಾರಾವಾಹಿ ಬಂತು. ಮಿಶಿಗನ್ನಿನ ಒಂದು ಹೈಸ್ಕೂಲು, ಗಣಿತದಲ್ಲಿ ಮುಂದಿದ್ದ ಲಿಂಡ್ಸೆ ಎಂಬ ಹುಡುಗಿ. ಅಜ್ಜಿ ಸತ್ತ ಮೇಲೆ ಆಕೆ ಜಾಣರ ಗುಂಪು ಬಿಟ್ಟು ಪೋಲಿ ಹುಡುಗರ ಜೊತೆ ಕೂಡುತ್ತಾಳೆ. ಹದಿನೆಂಟು ಕಂತು ಮಾಡಿದ್ದರು. ಹನ್ನೆರಡು ತೋರಿಸಿದ ಮೇಲೆ ಎನ್‌ಬಿಸಿ ವಾಹಿನಿ ಅದನ್ನು ನಿಲ್ಲಿಸಿಬಿಟ್ಟಿತು. ಜನ ಅದನ್ನು ಇಂದಿಗೂ ಹುಡುಕಿ ನೋಡುತ್ತಾರೆ. ಸೋತವರನ್ನು ಗೆಲ್ಲಿಸಲೇಬೇಕೆಂಬ ಆತುರ ಅದರಲ್ಲೂ ಇಲ್ಲ.

ನಮ್ಮ ಈ ಮಕ್ಕಳ ಮೇಲೆ ಅಂಥ ಎಂಟು ಕಂತು ಯಾರು ಮಾಡಬೇಕು? ಶಂಕರ್ ನಾಗ್ 1990ರಲ್ಲೇ ಹೋದರು. ಅವರು ಚಿತ್ರೀಕರಿಸಿದ ಅರಸಾಳು ರೈಲು ನಿಲ್ದಾಣದ ಹಳೆಯ ಕಟ್ಟಡ ಈಗ ಮಾಲ್ಗುಡಿ ವಸ್ತುಸಂಗ್ರಹಾಲಯವಾಗಿದೆ. ಅದು ಸಂತೋಷವೇ. ಆದರೆ ಅವರ ಕೆಲಸಕ್ಕೆ ಕೊಡುವ ನಿಜವಾದ ಗೌರವವೆಂದರೆ ಅಂಥದೇ ಇನ್ನೊಂದು ಕೆಲಸ. ಉತ್ತರ ಕರ್ನಾಟಕದ ಮಾತು ಧಾರಾವಾಹಿಗಳಿಗೆ ಬರುವುದು ಬಹುಮಟ್ಟಿಗೆ ನಗಿಸಲಿಕ್ಕೆ. ಇದು ನನಗೆ ತೀರ ನೋವಿನ ಸಂಗತಿ. ಇಂಡಿ ತಾಲ್ಲೂಕಿನ ಅಗರಖೇಡದಲ್ಲಿ ಹುಟ್ಟಿದ ನಾಟಕಕಾರ ಶ್ರೀರಂಗರಿಂದ ಆಧುನಿಕ ಕನ್ನಡ ರಂಗಭೂಮಿ ಬೆಳೆಯಿತು. ಅಂಥ ನೆಲದ ಮಾತಿಗೆ ಅಳುವ, ಅವಮಾನ ನುಂಗುವ, ಗೆಳೆಯನಿಗಾಗಿ ಜಗಳ ಕಾಯುವ ಶಕ್ತಿ ಇಲ್ಲವೆ?

ಮೊದಲ ಕಂತು ಯುಗಾದಿಯ ಮರುವಾರ ತೆರೆಯಲಿ. ಕಬ್ಬಿನಿಂದ ತಿರುಗಿ ಬಂದವನು ಕ್ಲಾಸಿನ ಬಾಗಿಲಲ್ಲಿ ನಿಂತಿರಲಿ.

“ಇಷ್ಟ ದಿನಾ ಎಲ್ಲಿಗ್ ಹೋಗಿದ್ಯೋ?”

“ಕಬ್ಬ ಕಡ್ಯಾಕ ಹೋಗಿದ್ವಿರಿ ಸರ. ಒಳಗ ಬರ್‍ಲಿರಿ?”

ಮಾಸ್ತರರು ಒಳ್ಳೆಯವರಿರಲಿ, ಕೆಟ್ಟವರಿರಲಿ, ಅದನ್ನು ಬರೆಯುವವರಿಗೆ ಬಿಡುತ್ತೇನೆ. ಹುಡುಗನ ಪಾತ್ರಕ್ಕೆ ಮಾತ್ರ ತಿಕೋಟಾದ ಯಾವುದಾದರೂ ತಾಂಡಾದ ಹುಡುಗನನ್ನೇ ಹುಡುಕಲಿ, ಅವನ ಮಾತನ್ನು ತಿದ್ದದೆ ಇರಲಿ.